ನಾಲ್ಕು ಹನಿಯ ದಾನ

ಬೆಳಗಾವಿ, ಧಾರವಾಡ ಪ್ರಾಂತ್ಯದ ಶ್ರಾವಕರ ಮನೆಗಳಲ್ಲಿ ಕೂಸು ಹುಟ್ಟಿತೆಂದರೆ ಜನನಾಶೌಚವೆಂದು ಹತ್ತು ದಿನ ಆ ಮನೆಯವರು ಬಸದಿಯ ಅಭಿಷೇಕ ಪೂಜೆಗಳಿಗೆ ಕೈಹಚ್ಚುವುದಿಲ್ಲ. ಮುನಿಗಳಿಗೆ ಆಹಾರ ಕೊಡುವ ಭಾಗ್ಯವೂ ಅಷ್ಟು ದಿನ ಆ ಮನೆಗಿಲ್ಲ. ಆಚಾರವಂತರಾದ ನೆರೆಯವರು ಅಲ್ಲಿ ನೀರನ್ನೂ ಮುಟ್ಟುವುದಿಲ್ಲ. ಆದರೆ ಅದೇ ನೆರೆಯವರ ಮನೆಯಲ್ಲಿ ಯಾರದಾದರೂ ಕಣ್ಣು ಕೆಂಪಾದರೆ, ಸಣ್ಣದೊಂದು ಬಟ್ಟಲು ಸೆರಗಿನ ಮರೆಯಲ್ಲಿ ಬಾಣಂತಿಯ ಕೋಣೆಗೆ ಬರುತ್ತದೆ. ಸೂತಕವು ನೀರಿಗೆ ಉಂಟು, ಔಷಧಕ್ಕಿಲ್ಲ ಎಂದು ಹಿರಿಯ ಹೆಂಗಸರು ಯಾವ ಶಾಸ್ತ್ರವನ್ನೂ ಕೇಳದೆ ಬಹು ಹಿಂದೆಯೇ ತೀರ್ಮಾನಿಸಿಕೊಂಡಿದ್ದಾರೆ. ಆ ತೀರ್ಮಾನದಲ್ಲಿ ಒಂದು ವಿವೇಕವಿದೆ. ಆದರೆ ಅದರ ಒಳಗೆ ಕೇಳದೆ ಉಳಿದ ಒಂದು ಪ್ರಶ್ನೆಯೂ ಇದೆ. ಬಟ್ಟಲನ್ನು ತುಂಬಿ ಕೊಡುವವಳನ್ನು ಯಾರಾದರೂ ಕೇಳಿದರೇ ಎಂಬುದೇ ಆ ಪ್ರಶ್ನೆ.

ಎದೆಹಾಲು ಮನೆಮದ್ದಾಗಿ ಬಳಕೆಯಾಗುವ ಬಗೆಗಳು ಒಂದೆರಡಲ್ಲ. ಕಣ್ಣು ಬೇನೆಗೆ, ಉರಿಗಣ್ಣಿಗೆ, ಕಣ್ಣಲ್ಲಿ ಕಸ ಬಿದ್ದುದಕ್ಕೆ ಎರಡು ಹನಿ. ಕಿವಿನೋವಿಗೆ ನಾಲ್ಕು ಹನಿ. ನೆಗಡಿಯಿಂದ ಮೂಗು ಕಟ್ಟಿದ ಹಸುಳೆಗೆ ಹೊಳ್ಳೆಗೊಂದು ಹನಿ. ಸೆಕೆಗಾಲದಲ್ಲಿ ಮೂಗಿನಿಂದ ರಕ್ತ ಒಸರುವವರಿಗೂ ಅದೇ. ಕೂಸಿನ ಹೊಕ್ಕುಳ ಬಳ್ಳಿಗೆ, ಮೈಯ ಬೆವರುಸಾಲೆಗೆ, ತೊಡೆಸಂದಿಯ ಕೆಂಪಿಗೆ ಹಚ್ಚುವುದುಂಟು. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿಗಳನ್ನು ಕಲ್ಲಿನ ಮೇಲೆ ತೇಯುವಾಗ ನೀರಿನ ಬದಲು ತಾಯಿಯ ಹಾಲನ್ನೇ ಹಾಕಿ, ಬೆರಳ ತುದಿಯಿಂದ ಕೂಸಿಗೆ ನೆಕ್ಕಿಸುವ ವಾಡಿಕೆ ಕರ್ನಾಟಕದ ಉದ್ದಗಲಕ್ಕೂ ಇದೆ. ಇದು ಜೈನರಿಗೆ ಮಾತ್ರ ಸೇರಿದ ಆಚಾರವಲ್ಲ.

ಇದು ಅಡಿಗೆಮನೆಯ ಅಜ್ಜಿಯರು ಮಾತ್ರ ಹುಟ್ಟಿಸಿದ ಮದ್ದೂ ಅಲ್ಲ. ಚರಕ ಸಂಹಿತೆಯ ಸೂತ್ರಸ್ಥಾನವು ಅನ್ನಪಾನಗಳ ಗುಣವನ್ನು ಹೇಳುವಲ್ಲಿ ಮಾನುಷ ಕ್ಷೀರವನ್ನು ರಕ್ತಪಿತ್ತದಲ್ಲಿ ನಸ್ಯಕ್ಕೂ ಕಣ್ಣುನೋವಿನಲ್ಲಿ ತರ್ಪಣಕ್ಕೂ ವಿಧಿಸುತ್ತದೆ. ಸುಶ್ರುತನು ಆಕಳು, ಆಡು, ಒಂಟೆ, ಕುರಿ, ಎಮ್ಮೆ, ಕುದುರೆ, ಆನೆಗಳ ಹಾಲಿನೊಡನೆ ಸ್ತ್ರೀಯ ಹಾಲನ್ನೂ ಎಣಿಸಿ, ಅದು ತಂಪು, ಲಘು, ಮೂಗಿಗೂ ಕಣ್ಣಿಗೂ ಹಿತ ಎನ್ನುತ್ತಾನೆ. ದೂರದ ಈಜಿಪ್ತದಲ್ಲಿ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಬರೆದ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿಯೂ ಎದೆಹಾಲಿನ ಮದ್ದುಗಳಿವೆ. ಅಲ್ಲೊಂದು ನಿಬಂಧನೆ: ಹಾಲು ಗಂಡು ಮಗುವನ್ನು ಹೆತ್ತವಳದೇ ಆಗಿರಬೇಕು. ನೈಲ್ ನದಿಯ ದಂಡೆಯಲ್ಲಿ ಹುಟ್ಟಿದ ಈ ನಿಬಂಧನೆಯು ಮಲಪ್ರಭೆಯ ದಂಡೆಯ ಮನೆಗಳಲ್ಲಿಯೂ ಕೇಳಿಬರುವುದನ್ನು ನೋಡಿದರೆ, ಅಜ್ಞಾನಕ್ಕೆ ದೇಶಕಾಲಗಳ ಗಡಿಯಿಲ್ಲವೆಂದೇ ಹೇಳಬೇಕಾಗುತ್ತದೆ. ಹೆತ್ತ ಮಗು ಹೆಣ್ಣೆಂದು ಹಾಲಿನ ಔಷಧಗುಣ ಕುಂದುವುದಿಲ್ಲ.

ಜೈನ ವೈದ್ಯಪರಂಪರೆಗೆ ಈ ವಿಷಯದಲ್ಲಿ ತನ್ನದೇ ಒಂದು ದೃಷ್ಟಿಯಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಬಂದ ಮೇಲೆ ಶ್ರಾವಕ ವಿದ್ವಾಂಸರಿಗೆ ಸುಪರಿಚಿತವಾಗಿದೆ. ಮದ್ಯ, ಮಾಂಸ, ಮಧುಗಳನ್ನು ಔಷಧದ ನೆವದಿಂದಲೂ ಸೇರಿಸದೆ ಚಿಕಿತ್ಸೆ ಸಾಧ್ಯವೆಂಬುದು ಆ ಗ್ರಂಥದ ಹೆಗ್ಗಳಿಕೆ. ಅದರ ಹಿತಾಹಿತ ಭಾಗದಲ್ಲಿ ಮಾಂಸಸೇವನೆ ನಿಷ್ಫಲವೆಂಬ ವಾದವಿದೆ. ಅಂದರೆ ಮದ್ದು ಫಲ ಕೊಡುತ್ತದೆಯೇ ಎಂಬ ಪ್ರಶ್ನೆಯ ಜೊತೆಗೇ ಮದ್ದು ಎಲ್ಲಿಂದ, ಯಾರಿಗೆ ನೋವು ಕೊಟ್ಟು ಬಂತು ಎಂಬ ಪ್ರಶ್ನೆಯನ್ನೂ ಜೈನ ವೈದ್ಯನು ಕೇಳಿದನು. ಸಾವಿರ ವರ್ಷಗಳಿಗೂ ಹಿಂದೆ ಕೇಳಿದ ಆ ಪ್ರಶ್ನೆಯನ್ನು ಬಾಣಂತಿಯ ಬಟ್ಟಲಿನ ಮುಂದೆ ಮಾತ್ರ ಯಾರೂ ಕೇಳಿದಂತಿಲ್ಲ. ಎದೆಹಾಲಿನಲ್ಲಿ ಹಿಂಸೆಯಿಲ್ಲ, ಅದು ವಾತ್ಸಲ್ಯದಿಂದ ತಾನಾಗಿ ಒಸರುವುದು, ತೀರ್ಥಂಕರರ ರಕ್ತವೇ ಹಾಲಿನಂತೆ ಬೆಳ್ಳಗಿತ್ತೆಂದು ಪುರಾಣಗಳು ಹೇಳುವುದೂ ಸರ್ವಜೀವವಾತ್ಸಲ್ಯದ ಕಾರಣದಿಂದಲೇ ಎಂದು ಪಂಡಿತರು ಪ್ರವಚನಗಳಲ್ಲಿ ವಿವರಿಸುವರು. ವಾತ್ಸಲ್ಯದಿಂದ ಒಸರುವ ಮಾತು ನಿಜ. ಆದರೆ ಯಾರ ಮೇಲಣ ವಾತ್ಸಲ್ಯದಿಂದ? ತೊಟ್ಟಿಲ ಕೂಸಿನ ಮೇಲಣ ವಾತ್ಸಲ್ಯದಿಂದ.

ಈಗಿನ ವೈದ್ಯಶಾಸ್ತ್ರವು ಈ ಮನೆಮದ್ದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲೈಸೋಜೈಮ್ ಎಂಬ, ಕೆಲವು ರೋಗಾಣುಗಳ ಗೋಡೆಯನ್ನು ಒಡೆಯುವ ದ್ರವ್ಯವನ್ನು ಗುರುತಿಸಿದನು. ಅದು ಕಣ್ಣೀರಿನಲ್ಲಿಯೂ ಇದೆ, ಎದೆಹಾಲಿನಲ್ಲಿಯೂ ಇದೆ. ಇದಲ್ಲದೆ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ರೋಗಾಣುಗಳಿಗೆ ಬೇಕಾದ ಕಬ್ಬಿಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಎ ಎಂಬ ರಕ್ಷಣಾ ದ್ರವ್ಯವು ಅವು ಮೈಗೆ ಅಂಟಿಕೊಳ್ಳದಂತೆ ತಡೆಯುತ್ತದೆ. ನವಜಾತ ಶಿಶುಗಳ ಕಣ್ಣು ಪಿಚ್ಚುಗಟ್ಟದಂತೆ ಹೆರಿಗೆಯಾದ ಹೊಸತರ ಹಾಲಿನ ಹನಿ ಹಾಕಿ ಪರೀಕ್ಷಿಸಿದ ಭಾರತೀಯ ವೈದ್ಯರ ಅಧ್ಯಯನವೊಂದು 1982ರಲ್ಲಿಯೇ ಪ್ರಕಟವಾಗಿದೆ. ತೊಡೆಸಂದಿಯ ಕೆಂಪಿಗೆ ಎದೆಹಾಲು ಹಚ್ಚುವುದನ್ನು ಹೈಡ್ರೋಕಾರ್ಟಿಸೋನ್ ಮುಲಾಮಿನೊಡನೆ ಹೋಲಿಸಿ, ಎರಡರ ಗುಣವೂ ಹೆಚ್ಚು ಕಡಿಮೆ ಒಂದೇ ಎಂದು ಇರಾನಿನ ಸಂಶೋಧಕರು 2013ರಲ್ಲಿ ಬರೆದರು. ಹೊಕ್ಕುಳ ಬಳ್ಳಿಗೆ ಹಚ್ಚಿದರೆ ಅದು ಬೇಗ ಬೀಳುವುದೆಂದು ತೋರಿಸಿದ ಅಧ್ಯಯನಗಳಿವೆ. ಬೂದಿ, ಸಗಣಿಗಳನ್ನು ಹಚ್ಚಿ ಧನುರ್ವಾಯುವನ್ನು ಆಹ್ವಾನಿಸುವುದಕ್ಕಿಂತ ಅದು ಎಷ್ಟೋ ಮೇಲು. ಆದರೂ ಬಳ್ಳಿಯನ್ನು ಶುಚಿಯಾಗಿ, ಒಣದಾಗಿ ಇಡುವುದೇ ಸಾಕೆಂಬುದು ವೈದ್ಯರ ಸಾಮಾನ್ಯ ಸಲಹೆ. ಚುಚ್ಚುಮದ್ದಿನ ಹೊತ್ತಿನಲ್ಲಿ ಕೂಸಿಗೆ ಮೊಲೆಯೂಡುತ್ತಿದ್ದರೆ ಅಳು ಕಡಿಮೆ ಎಂಬುದು ಎಲ್ಲ ತಾಯಂದಿರೂ ಬಲ್ಲ ಮಾತು. ಶಾಸ್ತ್ರವೂ ಅದನ್ನು ಒಪ್ಪಿದೆ.

ಇದರಲ್ಲಿ ಒಂದು ವಿಡಂಬನೆಯಿದೆ. ಈ ರಕ್ಷಣಾ ದ್ರವ್ಯಗಳಲ್ಲಿ ಹಲವು ಅತಿ ಹೆಚ್ಚಾಗಿರುವುದು ಹೆರಿಗೆಯಾದ ಮೊದಲ ಎರಡು ಮೂರು ದಿನಗಳ ಗಟ್ಟಿಯಾದ ಹಳದಿ ಹಾಲಿನಲ್ಲಿ. ಎಷ್ಟೋ ಮನೆಗಳಲ್ಲಿ ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿದರು. ಕೂಸಿನ ಬಾಯಿಗೆ ಬೀಳಬೇಕಾದುದು ಮಣ್ಣಿಗೆ ಬಿತ್ತು. ತಿಂಗಳ ಮೇಲಣ ತೆಳು ಹಾಲು ಊರವರ ಕಣ್ಣಿಗೆ ಔಷಧವಾಯಿತು. ಮೊದಲ ದಿನಗಳಲ್ಲಿ ಹಾಲಿನ ಬದಲು ಜೇನು ನೆಕ್ಕಿಸುವ ರೂಢಿಯೊಂದು ದೇಶದಲ್ಲಿ ಹಬ್ಬಿತ್ತು. ಮಧುತ್ಯಾಗವನ್ನು ನಿಷ್ಠೆಯಿಂದ ಪಾಲಿಸಿದ ಶ್ರಾವಕರ ಮನೆಯ ಕೂಸುಗಳು ತಿಳಿಯದೆಯೇ ಆ ಅಪಾಯದಿಂದ ಪಾರಾದವು. ವರ್ಷ ತುಂಬದ ಮಗುವಿಗೆ ಜೇನು ಕೊಟ್ಟರೆ ಬಾಟುಲಿಸಂ ಎಂಬ ಭಯಂಕರ ನಿಶ್ಶಕ್ತಿಯ ರೋಗ ಬರಬಹುದೆಂದು ಇಂದಿನ ಮಕ್ಕಳ ವೈದ್ಯರೆಲ್ಲರೂ ಎಚ್ಚರಿಸುತ್ತಾರೆ.

ಆದರೆ ಮದ್ದಿಗೊಂದು ಮೇರೆಯಿದೆ. ಬಸದಿಯ ಆಚಾರವನ್ನು ಬಲ್ಲ ಗೃಹಿಣಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕರೆದ ಹಾಲನ್ನು ಎರಡು ಘಳಿಗೆ, ಎಂದರೆ 48 ನಿಮಿಷಗಳೊಳಗೆ ಸೋಸಿ ಕಾಯಿಸಬೇಕು, ಆ ಮೇಲೆ ಅದರಲ್ಲಿ ಜೀವೋತ್ಪತ್ತಿಯಾಗುವುದು ಎಂದು ಆಕೆಯೇ ಮನೆಯ ಮಕ್ಕಳಿಗೆ ಹೇಳುತ್ತಾಳೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು ಏಳರಷ್ಟು ಸಕ್ಕರೆಯಿದೆ. ಬಟ್ಟಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಇಟ್ಟ ಹಾಲನ್ನು ನೊಂದ ಕಣ್ಣಿಗೆ ಬಿಟ್ಟರೆ ರೋಗಾಣುಗಳಿಗೆ ಊಟ ಬಡಿಸಿದಂತೆ. ಕಿವಿಯ ಮಾತೂ ಹಾಗೆಯೇ. ಮಕ್ಕಳ ಕಿವಿನೋವು ಬಹುಮಟ್ಟಿಗೆ ತಮಟೆಯ ಹಿಂದಣ ಬಾವಿನಿಂದ ಬರುವುದು. ಹೊರಗಿನಿಂದ ಬಿಟ್ಟ ಹನಿ ತಮಟೆಯನ್ನು ದಾಟಿ ಅಲ್ಲಿಗೆ ಮುಟ್ಟುವುದೇ ಇಲ್ಲ. ತಮಟೆ ಒಡೆದಿದ್ದರೆ ಮುಟ್ಟುತ್ತದೆ. ಆಗ ಮುಟ್ಟದಿರುವುದೇ ಲೇಸು. ಇನ್ನು ಕಣ್ಣು ಬೇನೆಯ ವಿಷಯ. 2023ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಹಬ್ಬಿದಂತಹ ಕಣ್ಣು ಬೇನೆಯು ಬಹುಪಾಲು ವೈರಸ್ಸಿನಿಂದ ಬರುವಂಥದು. ಯಾವ ಮದ್ದೂ ಇಲ್ಲದೆ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಲು ಬಿಟ್ಟವರು ಹಾಲಿನಿಂದ ಗುಣವಾಯಿತೆಂದರು, ಬಿಡದವರೂ ಗುಣವಾದರು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟುಹಾಕುವ ಕಾಕತಾಲೀಯ ನ್ಯಾಯ ಇದು. ಹಸುಳೆಯ ಕಣ್ಣೀರಿನ ನಾಳ ಕಟ್ಟಿಕೊಂಡು ಕಣ್ಣು ಒಸರುವುದೂ ಹೆಚ್ಚಾಗಿ ವರ್ಷದೊಳಗೆ ತಾನಾಗಿ ಸರಿಹೋಗುವಂಥದೇ. ಆದರೆ ಹುಟ್ಟಿದ ಮೊದಲ ವಾರಗಳಲ್ಲಿ ರೆಪ್ಪೆ ಊದಿ ಕೀವು ಸುರಿದರೆ ಅದು ತಾಯಿಯಿಂದ ಬಂದ ಗೊನೋರಿಯಾದ ಸೋಂಕೂ ಆಗಿರಬಹುದು. ಅದು ದಿನಗಳಲ್ಲಿಯೇ ಕಣ್ಣನ್ನು ತೂತುಮಾಡಬಲ್ಲದು. ಅಲ್ಲಿ ಹಾಲಿನ ಬಟ್ಟಲಿಗೆ ಜಾಗವಿಲ್ಲ. ಪರರ ಎದೆಹಾಲಿನ ಮೂಲಕ ಎಚ್.ಐ.ವಿ. ಮುಂತಾದ ಸೋಂಕು ಹಸುಳೆಗೆ ದಾಟಬಲ್ಲದೆಂಬುದನ್ನೂ ಮರೆಯುವಂತಿಲ್ಲ.

ಇಷ್ಟು ಹೇಳಿದರೆ ವೈದ್ಯದ ಮಾತು ಮುಗಿಯಿತು. ಧರ್ಮದ ಮಾತು ಇಲ್ಲಿಂದ ಮುಂದಿದೆ. ಉತ್ತರ ಕರ್ನಾಟಕದ ಪೇಟೆಯ ಊರೊಂದರಲ್ಲಿ ಕೆಲವು ವರ್ಷಗಳ ಹಿಂದೆ ನಡೆದುದನ್ನು ಹೇಳಿದರೆ ಅದು ಸ್ಪಷ್ಟವಾದೀತು.

ಅದು ಕಾಳುಕಡಿಯ ಅಡತಿ ವ್ಯಾಪಾರದ ಮನೆತನ. ಮುಂದೆ ಅಂಗಡಿ, ಹಿಂದೆ ಮನೆ. ಹಿರಿಯ ಸೊಸೆಗೆ ಮೊದಲು ಹೆಣ್ಣು ಕೂಸಾಗಿತ್ತು. ಮೂರು ವರ್ಷದ ಮೇಲೆ ಗಂಡು ಹುಟ್ಟಿತು. ತವರಿನಲ್ಲಿ ತಾಯಿ ಇಲ್ಲದ ಕಾರಣ ಎರಡು ಬಾಣಂತನಗಳೂ ಅತ್ತೆಯ ಮನೆಯಲ್ಲಿಯೇ ಆದವು. ಎರಡನೆಯ ಸಲ ಐದನೆಯ ದಿನದಿಂದಲೇ ಓಣಿಯ ಬಟ್ಟಲುಗಳು ಬರತೊಡಗಿದವು. ಸೊಸೆ ಒಂದು ದಿನ ಮೆಲ್ಲಗೆ ಕೇಳಿದಳು: “ಅತ್ತೀ, ಹೋದ ಸಲ ಓಣ್ಯಾಗ ಯಾರಿಗೂ ಕಣ್ಣಬ್ಯಾನಿ ಬಂದಿದ್ದಿಲ್ಲೇನ್ರಿ?” ಅತ್ತೆಗೆ ಮಾತಿನ ಮುಳ್ಳು ನಾಟಿತೋ ಇಲ್ಲವೋ ತಿಳಿಯದು, “ಗಂಡು ಹಡದಾಕಿ ಹಾಲಿಗೆ ಗುಣಾ ಜಾಸ್ತಿ ಅಂತಾರವಾ” ಎಂದು ಹೇಳಿ ಬಟ್ಟಲನ್ನು ಮುಂದಿಟ್ಟರು. ಅವರು ಕೆಟ್ಟ ಹೆಂಗಸಲ್ಲ. ಅಷ್ಟಮಿ, ಚತುರ್ದಶಿಗಳಂದು ಏಕಭುಕ್ತ ತಪ್ಪಿಸಿದವರಲ್ಲ. ಓಣಿಯಲ್ಲಿ ಯಾರಿಗೆ ಕಾಯಿಲೆಯಾದರೂ ಮೊದಲು ಹೋಗಿ ನಿಲ್ಲುವವರು ಅವರೇ. ಬಾಣಂತಿಗೆ ಎದೆಯ ತೊಟ್ಟು ಒಡೆದು ಹಿಂಡುವಾಗ ಜೀವ ಹೋದಂತಾಗುತ್ತಿದ್ದುದು, ರಾತ್ರಿ ಕೂಸಿಗೆ ಹಾಲು ಸಾಲದೆ ಎರಡೆರಡು ಸಲ ಎದ್ದು ಕೂಡುತ್ತಿದ್ದುದು ಅವರ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ತಮ್ಮ ಬಾಣಂತನಗಳಲ್ಲಿ ಅವರನ್ನೂ ಯಾರೂ ಕೇಳಿರಲಿಲ್ಲ.

ಮೂರನೆಯ ವಾರದಲ್ಲಿ ಅಂಗಡಿಯ ಹಮಾಲನೊಬ್ಬನು ಭತ್ತದ ಚೀಲ ಇಳಿಸುತ್ತಿದ್ದಾಗ ಗಾಳಿಗೆ ಹೊಟ್ಟು ಹಾರಿ ಕಣ್ಣಿಗೆ ಬಡಿಯಿತು. ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ದುಡಿದವನು. ಹಿತ್ತಿಲ ಬಾಗಿಲಿಗೆ ಬಂದು, “ಅವ್ವಾರ, ಕಣ್ಣಾಗ ಚುಚ್ಚಿಧಂಗ ಆಗಾಕತ್ತೈತ್ರಿ” ಎಂದನು. ಅತ್ತೆಯವರು ಅವನನ್ನು ಕೂರಿಸಿ, ನೀರು ಕೊಟ್ಟು, ಒಳಗೆ ಹೋಗಿ ಸೊಸೆಗೆ ಹೇಳಿದರು: “ನಾಕ ಹನಿ ಕೊಡವಾ. ಬಡವ ಅದಾನ. ಪುಣ್ಯ ಬರ್ತೈತಿ.” ಸೊಸೆ, “ಕೊಡ್ತೀನ್ರಿ. ಆದ್ರ ಅವರನ್ನ ಕಣ್ಣಿನ ದವಾಖಾನಿಗೂ ಕಳಸೂಣ್ರಿ ಅತ್ತೀ” ಎಂದಳು. ಅಂಗಡಿಯಲ್ಲಿ ಸುಗ್ಗಿಯ ಗಲಾಟೆ. ಒಬ್ಬ ಹಮಾಲ ಒಂದು ದಿನ ಇಲ್ಲವಾದರೆ ಎರಡು ಲಾರಿ ನಿಲ್ಲುತ್ತವೆ. ನಾಳೆ ನೋಡಿದರಾಯಿತೆಂದು ಯಜಮಾನರು ಹೇಳಿದರು. ಐದು ದಿನ ಬೆಳಿಗ್ಗೆ, ಸಂಜೆ ಹನಿ ಬಿದ್ದಿತು. ಊರಲ್ಲಿ ಶೆಟ್ಟರ ಮನೆಯ ಔಷಧದಾನದ ಮಾತಾಯಿತು. ಸೊಸೆಯನ್ನು ಯಾರೂ ಹೆಸರಿಸಲಿಲ್ಲ. ಆರನೆಯ ದಿನ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು.

ಜಿಲ್ಲೆಯ ಊರಿನ ಕಣ್ಣಾಸ್ಪತ್ರೆಯಲ್ಲಿ, ಅದು ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಯಿಂದಾದ ಹುಣ್ಣೆಂದು ತಿಳಿಯಿತು. ಭತ್ತದ ಹೊಟ್ಟು, ಕಬ್ಬಿನ ಎಲೆ, ಮರದ ಚಕ್ಕೆಗಳು ಕಣ್ಣನ್ನು ಗೀರಿದಾಗ ಈ ಶಿಲೀಂಧ್ರವು ಒಳಸೇರುವುದು ದಕ್ಷಿಣ ಭಾರತದ ಒಕ್ಕಲು ಪ್ರದೇಶಗಳಲ್ಲಿ ಸಾಮಾನ್ಯ. ನಟಾಮೈಸಿನ್ ಎಂಬ ಹನಿಮದ್ದನ್ನು ವಾರಗಟ್ಟಲೆ ಹಾಕಬೇಕು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಹಾಕಬೇಕು. ಎದೆಹಾಲಿನ ಯಾವ ಗುಣವೂ ಈ ಹುಣ್ಣನ್ನು ಮಾಯಿಸಲಾರದು. ಹುಣ್ಣನ್ನು ತಂದುದು ಹಾಲಲ್ಲ, ಹೊಟ್ಟು. ಆದರೆ ಐದು ದಿನಗಳನ್ನು ಕಳೆದುದು ಹಾಲಿನ ಮೇಲಿಟ್ಟ ನಂಬಿಕೆ. ಅದಕ್ಕಿಂತ ಹೆಚ್ಚಾಗಿ, ಹಾಲಿಗೆ ದುಡ್ಡು ಬೀಳುವುದಿಲ್ಲವೆಂಬ ಸಮಾಧಾನ. ಹುಣ್ಣು ಮಾಯಿತು, ಕಲೆ ಉಳಿಯಿತು. ಆ ಕಣ್ಣಿಗೆ ಈಗ ಎದುರಿಗೆ ಹಿಡಿದ ಬೆರಳುಗಳನ್ನು ಎಣಿಸುವಷ್ಟು ಮಾತ್ರ ಬೆಳಕಿದೆ. ಎತ್ತರದ ಹಲಗೆಯ ಮೇಲೆ ಚೀಲ ಹೊತ್ತು ನಡೆಯುವವನಿಗೆ ಒಂದು ಕಣ್ಣಿನ ಅಂದಾಜು ಸಾಲದು; ಅವನು ಈಗ ಅಂಗಡಿಯ ಕಸ ಗುಡಿಸುತ್ತಾನೆ.

ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಂಗತಿ ನಡೆಯಿತು. ಆಸ್ಪತ್ರೆಯ ಖರ್ಚನ್ನು ಯಜಮಾನರು ಪೂರ್ತಿ ಕೊಟ್ಟರು, ಅದನ್ನು ಹೇಳಲೇಬೇಕು. ಕೊಟ್ಟುದನ್ನು ಧರ್ಮಾದಾಯದ ಖಾತೆಗೆ ಬರೆಯಿರಿ ಎಂದರು. ಅಡತಿಯ ವ್ಯವಹಾರ ಬಲ್ಲವರಿಗೆ ಧರ್ಮಾದಾಯವೆಂದರೆ ಏನೆಂದು ಹೇಳಬೇಕಾಗಿಲ್ಲ. ಪ್ರತಿ ಬಿಲ್ಲಿನ ಮೇಲೆ ಗಿರಾಕಿಯಿಂದಲೋ ರೈತನಿಂದಲೋ ಧರ್ಮಕ್ಕೆಂದು ಹಿಡಿದ ಪೈಸೆಗಳು ಸೇರಿ ಆದ ಮೊತ್ತ ಅದು. ಅದರಿಂದ ಬಸದಿಗೆ ಕಲ್ಲು ಹಾಸಿಸಿ ತಮ್ಮ ಹೆಸರು ಕೆತ್ತಿಸಿದ ವ್ಯಾಪಾರಿಗಳು ಎಷ್ಟೋ ಮಂದಿ. ಮುದುಕ ಗುಮಾಸ್ತನು ಹಾಗೆ ಬರೆದುಕೊಂಡುದನ್ನು ಕಂಡ ಸೊಸೆ, ಬಾಣಂತನ ಮುಗಿದು ಅಂಗಡಿಯ ಕಡೆ ಬಂದ ಮೊದಲ ದಿನವೇ, “ಮಾವನವರ, ಹಾಲೂ ನಮ್ಮ ಖಾತೇದ್ದಲ್ಲ, ರೊಕ್ಕಾನೂ ನಮ್ಮ ಖಾತೇದ್ದಲ್ಲ. ಹಂಗಾರ ನಾವು ಕೊಟ್ಟದ್ದರ ಏನ್ರಿ?” ಎಂದು ಕೇಳಿದಳು. ಯಜಮಾನರು ಆ ದಿನ ಉತ್ತರ ಕೊಡಲಿಲ್ಲ. ವರ್ಷಾಂತ್ಯದ ಲೆಕ್ಕದಲ್ಲಿ ಆ ಮೊತ್ತವು ಮನೆ ಖರ್ಚಿನ ಕೆಳಗೆ ಇತ್ತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ದಶಲಕ್ಷಣ ಪರ್ವದಲ್ಲಿ ಪ್ರತಿವರ್ಷ ಓದುವವರು ಇದನ್ನು ಆ ಬೆಳಕಿನಲ್ಲಿ ನೋಡಬಹುದು. ಉಮಾಸ್ವಾಮಿಗಳು ದಾನವನ್ನು ಲಕ್ಷಿಸುವಾಗ ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು ಎನ್ನುತ್ತಾರೆ. ‘ತನ್ನದು’ ಎಂಬ ಆ ಒಂದು ಪದದ ಮೇಲೆ ಇಡೀ ಲಕ್ಷಣ ನಿಂತಿದೆ. ಮುಂದಿನ ಸೂತ್ರದಲ್ಲಿ ದಾನದ ಹೆಚ್ಚುಗಾರಿಕೆಯು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಬರುವುದೆಂದು ಹೇಳಿದ್ದಾರೆ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಬಡವನು ಪಾತ್ರನೇ ಹೌದು. ಹಾಲು ಶುದ್ಧ ದ್ರವ್ಯವೇ. ದಾತೃ ಯಾರು? ಓಣಿಯ ಕಣ್ಣಿಗೆ ಅತ್ತೆ, ಊರಿನ ಕಣ್ಣಿಗೆ ಶೆಟ್ಟರು. ನೋವಿನಿಂದ ಹಿಂಡಿ ಕೊಟ್ಟವಳ ಪಾಲಿಗೆ ಬರಿಯ ಅಪ್ಪಣೆ.

ಇದನ್ನು ಕಳವೆಂದು ಕರೆಯುವುದು ಅತಿಯಾದೀತು. ಆದರೆ ಅಚೌರ್ಯವ್ರತದ ಶಾಸ್ತ್ರೀಯ ಪದ ಕಳವಲ್ಲ, ಅದತ್ತಾದಾನ. ಎಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು. ಇಲ್ಲವೆನ್ನುವ ಸ್ವಾತಂತ್ರ್ಯವಿಲ್ಲದವಳು ಹೂಂ ಎಂದುದು ಕೊಟ್ಟುದಾಗುತ್ತದೆಯೇ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಕರುವಿನ ಪಾಲನ್ನು ಬಿಡದೆ ಆಕಳನ್ನು ಪೂರ್ತಿ ಹಿಂಡುವವನಿಗೆ ಆ ದೋಷವನ್ನು ಹೇಳುವ ಶ್ರಾವಕನು, ತೊಟ್ಟಿಲಲ್ಲಿ ಅಳುವ ಕೂಸಿನ ಪಾಲಿನ ವಿಷಯದಲ್ಲಿ ಸುಮ್ಮನಾಗುವುದು ಸರಿಯಲ್ಲ. ನಾಲ್ಕು ಹನಿಯಿಂದ ಕೂಸಿಗೆ ಕೊರತೆಯಾಗದೆಂಬ ವಾದ ಲೆಕ್ಕಕ್ಕೆ ಸರಿ. ಆರೇಳು ತಿಂಗಳ ಕೂಸು ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಕುಡಿಯುತ್ತದೆ. ಹಾಲು ಸಾಲದ ಮನೆಯಲ್ಲಿ, ಮೂರು ಬಟ್ಟಲು ಬರುವ ಓಣಿಯಲ್ಲಿ, ಆ ಲೆಕ್ಕ ಬೇರೆಯಾಗುತ್ತದೆ. ಲೆಕ್ಕ ಏನೇ ಇರಲಿ, ಅದನ್ನು ಮಾಡಬೇಕಾದವಳು ತಾಯಿ. ಕೃತ, ಕಾರಿತ, ಅನುಮೋದಿತ ಎಂದು ಕರ್ಮವನ್ನು ಮೂರಾಗಿ ಎಣಿಸುವ ಶಾಸ್ತ್ರವು, ಮಾಡಿಸಿದವನಿಗೂ ಮೆಚ್ಚಿದವನಿಗೂ ಅದರ ಫಲದಲ್ಲಿ ಪಾಲನ್ನು ಹೇಳಿದೆ. ಪುಣ್ಯದ ಪಾಲನ್ನು ಮಾತ್ರ ಈ ಸೂತ್ರದಿಂದ ಪಡೆದು, ಐದು ದಿನದ ವಿಳಂಬದ ಪಾಲನ್ನು ಬಿಡಲು ಬರುವುದಿಲ್ಲ.

ಆಕೆ ತಾನಾಗಿ ಕೊಟ್ಟರೆ ಮಾತೇ ಬೇರೆ. ತನ್ನ ಕೂಸಿನ ಕಣ್ಣಿಗೆ ತನ್ನದೇ ಹಾಲನ್ನು ಆಗಲೇ ಹಿಂಡಿ ಬಿಡುವ ತಾಯಿಯನ್ನು ತಡೆಯುವ ಕಾರಣವಿಲ್ಲ. ಕೀವು, ಊತ, ನೋವು ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಿದರಾಯಿತು. ಒಡೆದ ತೊಟ್ಟಿಗೆ ತನ್ನದೇ ಹಾಲಿನ ಕೊನೆಯ ಹನಿಗಳನ್ನು ಸವರಿ ಆರಗೊಡಬೇಕೆಂದು ಇಂದಿನ ದಾದಿಯರು ಹೇಳಿಕೊಡುತ್ತಾರೆ. ಊರವರ ಕಣ್ಣು, ಕಿವಿ, ಮೂಗುಗಳಿಗೆಲ್ಲ ಎದೆಹಾಲನ್ನು ವಿಧಿಸಿದ ಹಳೆಯ ಪಟ್ಟಿಯಲ್ಲಿ ಕೊಡುವವಳ ಗಾಯದ ಹೆಸರು ಅಪರೂಪ.

ವ್ಯಾಪಾರಸ್ಥರು ಗಮನಿಸಬೇಕಾದ ಮಾತೊಂದಿದೆ. ಇತ್ತೀಚಿನ ವರ್ಷಗಳಲ್ಲಿ ಎದೆಹಾಲನ್ನು ಕೊಂಡು, ಸಂಸ್ಕರಿಸಿ ಮಾರುವ ಉದ್ಯಮವೂ ದೇಶದಲ್ಲಿ ತಲೆಯೆತ್ತಿತು. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಮಾನವ ಹಾಲಿನ ಸಂಸ್ಕರಣೆಗೂ ಮಾರಾಟಕ್ಕೂ ಅನುಮತಿಯಿಲ್ಲವೆಂದು ಸ್ಪಷ್ಟವಾಗಿ ಸಾರಿತು. ಪಂಡಿತ ಆಶಾಧರನ ಸಾಗಾರಧರ್ಮಾಮೃತವು ಎಣಿಸುವ ಖರಕರ್ಮಗಳಲ್ಲಿ ರಸವಾಣಿಜ್ಯವೂ ಒಂದು. ಆಶಾಧರನ ಮನಸ್ಸಿನಲ್ಲಿ ಇಂತಹ ಸರಕು ಇರಲಾರದು. ಆದರೂ ಒಂದು ಕೂಸಿನ ಪಾಲನ್ನು ಬಡ ತಾ​ಯಿಯಿಂದ ಕೊಂಡು ಸಿರಿವಂತನಿಗೆ ಮಾರುವ ಅಂಗಡಿಯನ್ನು ಶ್ರಾವಕನು ಯಾವ ಪಟ್ಟಿಯಲ್ಲಿ ಬರೆಯಬೇಕೆಂಬುದು ಬಹಳ ಯೋಚಿಸುವ ವಿಷಯವಲ್ಲ.

ಮಾರಾಟವಲ್ಲದ, ಅಪ್ಪಣೆಯದೂ ಅಲ್ಲದ ದಾರಿಯೊಂದು ಇದೆ. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಏಷ್ಯದ ಮೊದಲ ಎದೆಹಾಲಿನ ಬ್ಯಾಂಕನ್ನು ತೆರೆದರು. ಈಗ ಕರ್ನಾಟಕದಲ್ಲಿಯೂ ಅಂತಹ ಕೇಂದ್ರಗಳಿವೆ. ತನ್ನ ಕೂಸಿಗೆ ಉಣಿಸಿ ಮಿಕ್ಕುದನ್ನು ಮಾತ್ರ ತಾಯಿ ಅಲ್ಲಿ ಕೊಡಬಹುದು. ಆಕೆಯ ರಕ್ತವನ್ನು ಪರೀಕ್ಷಿಸುತ್ತಾರೆ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟು, ತಣಿಸಿ, ಹೆಪ್ಪುಗಟ್ಟಿಸಿ ಕಾಯ್ದಿಡುತ್ತಾರೆ. ದಿನ ತುಂಬದೆ ಹುಟ್ಟಿ, ಸ್ವಂತ ತಾಯಿಯ ಹಾಲು ಸಿಗದ ಕಿಲೋ ತೂಕದ ಶಿಶುಗಳಿಗೆ ಅದನ್ನು ನಳಿಕೆಯ ಮೂಲಕ ಒಂದೆರಡು ಮಿಲಿಲೀಟರಿನಂತೆ ಕೊಡುವರು. ಅಂತಹ ಶಿಶುಗಳ ಕರುಳು ಕೊಳೆಯುವ ರೋಗವನ್ನು ಈ ಹಾಲು ತಗ್ಗಿಸುತ್ತದೆ. ಬಸದಿಗಳ ಟ್ರಸ್ಟುಗಳು ಔಷಧದಾನಕ್ಕೆಂದು ತೆಗೆದಿಟ್ಟ ಹಣದಲ್ಲಿ ಬಾಣಂತಿಯ ಮನೆಗೆ ಆಸ್ಪತ್ರೆಯವರು ಬಂದುಹೋಗುವ ವಾಹನದ ಖರ್ಚನ್ನೂ, ಕಣ್ಣಿಗೆ ಪೆಟ್ಟಾದ ಕೂಲಿಯವನನ್ನು ಅದೇ ದಿನ ಕಣ್ಣಾಸ್ಪತ್ರೆಗೆ ಮುಟ್ಟಿಸುವ ಖರ್ಚನ್ನೂ ವಹಿಸಬಹುದು. ಹಾಲಿನ ಬ್ಯಾಂಕಿಗೆ ಕೊಡುವುದಾದರೆ ಮೊದಲು ಒಂದು ಸಮ್ಮತಿಪತ್ರವನ್ನು ತುಂಬಬೇಕು. ಅದಕ್ಕೆ ರುಜು ಹಾಕಬೇಕಾದವಳು ಹಾಲು ಕೊಡುವ ತಾಯಿ.